ಕುಂದಾ ತಿಂದರೂ ರಫ್ತು

ಹೋದ ತಿಂಗಳು ಅಕ್ಕನ ಮಗಳು ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಮುಖ ಊದಿಸಿಕೊಂಡು ಬಂದಳು. ಕೆನಡಾದ ಒಂದು ಸಣ್ಣ ಕಂಪನಿಗೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಳು. ಅದರ ಮೊದಲ ದುಡ್ಡು ಬಂದಿತ್ತು, 600 ಡಾಲರ್. ಬ್ಯಾಂಕಿನಲ್ಲಿ ‘ಇದು ಯಾವ ಬಾಬ್ತಿನ ರೊಕ್ಕ ತಂಗಿ?’ ಎಂದು ಕೇಳಿದ್ದಾರೆ. ಇವಳಿಗೆ ಏನು ಹೇಳಬೇಕೋ ಗೊತ್ತಾಗಿಲ್ಲ. ‘ಮನಿ ಖರ್ಚಿಗೆ ಅಂತ ಹಾಕಲೇನು? ಭಾಳ ಮಂದಿ ಅದನ್ನ ಹಾಕಸ್ತಾರ’ ಅಂದರಂತೆ. ಇವಳು ಹೂಂ ಅಂದಿದ್ದಾಳೆ. ಆಮೇಲೆ ಚೀಟಿ ನೋಡಿದರೆ ಕೋಡ್ ಪಿ1301. ಅಂದರೆ ಹೊರದೇಶದಲ್ಲಿರುವ ಭಾರತೀಯರು ಮನೆಯವರ ಖರ್ಚಿಗೆಂದು ಕಳಿಸಿದ ಹಣ.

‘ಹದಿನೈದು ದಿನ ನಿದ್ದಿಗೆಟ್ಟು ದುಡದದ್ದು ನಾನು. ಪುಸ್ತಕದಾಗ ನೋಡಿದ್ರ ಕೆನಡಾದಾಗ ಇಲ್ಲದ ಯಾವನೋ ಕಾಕಾ ಕಳಿಸಿದಂಗಾತು ನೋಡ್ರಿ ಮಾಮಾ!’

ನಗು ಬಂತು. ಆದರೆ ಅವಳ ಸಿಟ್ಟಿನಲ್ಲಿ ಅರ್ಥವಿತ್ತು. 2023-24ರಲ್ಲಿ ಭಾರತ ಹೊರದೇಶಗಳಿಗೆ ಮಾರಿದ ಸೇವೆಗಳ ಬೆಲೆ ಸುಮಾರು 34 ಸಾವಿರ ಕೋಟಿ ಡಾಲರ್. ಈ ದೊಡ್ಡ ಅಂಕಿಯ ಬುಡಕ್ಕೆ ಹೋದರೆ ಸಿಗುವುದು ಇಂಥ ಕೌಂಟರ್‌ಗಳೇ. ಬ್ಯಾಂಕಿಗೆ ಬರುವ ಡಾಲರಿಗೆ ಒಂದು ಕೋಡ್ ಅಂಟಿಸುತ್ತಾರೆ. ಅವುಗಳನ್ನೆಲ್ಲ ರಿಸರ್ವ್ ಬ್ಯಾಂಕ್ ಕೂಡಿಸಿ ದೇಶದ ವಿದೇಶಿ ಜಮಾಖರ್ಚು ಬರೆಯುತ್ತದೆ. ನಮ್ಮ ಹುಡುಗಿಗೆ ಸಲ್ಲಬೇಕಾದದ್ದು ಸಾಫ್ಟ್‌ವೇರ್ ಸಲಹೆಯ ಕೋಡ್, ಪಿ0802. ಯಾವ ಕೋಡ್ ಹಾಕಿದರೂ ದೇಶಕ್ಕೆ 600 ಡಾಲರ್ ಬಂದದ್ದು ಬಂದೇ ಬಂತು. ಆದರೆ ಸೇವೆಯ ಕಾಲಮ್ಮಿನಲ್ಲಿ ಅಷ್ಟು ಕಮ್ಮಿ, ಮನೆಗೆ ಕಳಿಸಿದ ಹಣದ ಕಾಲಮ್ಮಿನಲ್ಲಿ ಅಷ್ಟು ಜಾಸ್ತಿ.

ಸರಕಿನ ಲೆಕ್ಕಕ್ಕೆ ಈ ತಾಪತ್ರಯ ಕಡಿಮೆ. ವಿಜಯಪುರದ ಒಣದ್ರಾಕ್ಷಿ ಹಡಗು ಹತ್ತುವ ಮೊದಲು ಕಸ್ಟಮ್ಸ್‌ನವರ ಮುಂದೆ ಹಾಯಲೇಬೇಕು. ತೂಕ, ಬೆಲೆ, ಹೋಗುವ ದೇಶ ಎಲ್ಲಾ ಕಾಗದದ ಮೇಲೆ ಬರುತ್ತದೆ. ಇಲಕಲ್ಲಿನ ಗ್ರಾನೈಟ್ ಅನ್ನಂತೂ ಬಚ್ಚಿಡಲು ಸಾಧ್ಯವೇ ಇಲ್ಲ. ಆದರೆ ನಮ್ಮ ಹುಡುಗಿ ಬರೆದ ಪ್ರೋಗ್ರಾಂ ರಾತ್ರಿ ಎರಡು ಗಂಟೆಗೆ ತಂತಿಯೊಳಗೆ ಹೋಯಿತು. ಅದನ್ನು ತಡೆದು ತೂಗಿದವರು ಯಾರು?

ಇದು ಬರೀ ಒಬ್ಬಳ ಗೋಳಲ್ಲ. 2003ರ ಒಂದು ಲೆಕ್ಕ ನೋಡಿ. ಕಂಪನಿಗಳಿಗೆ ಮಾಡಿಕೊಡುವ ವೃತ್ತಿಪರ ಮತ್ತು ತಾಂತ್ರಿಕ ಕೆಲಸಗಳಲ್ಲಿ ಅಮೆರಿಕಕ್ಕೆ ಸುಮಾರು 870 ಕೋಟಿ ಡಾಲರಿನಷ್ಟು ಮಾರಿದೆವು ಎಂದಿತು ಭಾರತ. ನಾವು ಭಾರತದಿಂದ ಕೊಂಡದ್ದು 42 ಕೋಟಿ ಎಂದಿತು ಅಮೆರಿಕ. ಒಂದೇ ವ್ಯಾಪಾರ, ಇಪ್ಪತ್ತು ಪಟ್ಟು ಅಂತರ! ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣೆ ಸಂಸ್ಥೆ 2005ರಲ್ಲಿ ಇದರ ಹಿಂದೆ ಬಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ನಮ್ಮ ಎಂಜಿನಿಯರು ಅಮೆರಿಕಕ್ಕೇ ಹೋಗಿ ಕೂತು ಮಾಡಿದ ಕೆಲಸವನ್ನೂ ನಾವು ರಫ್ತು ಎಂದು ಬರೆದಿದ್ದೆವು. ವರ್ಷ ದಾಟಿ ನಿಂತವನು ನಮ್ಮೂರಿನವನೇ, ಅವನ ದುಡಿಮೆ ಆಮದು ಹೇಗಾದೀತು ಎನ್ನುವುದು ಅವರ ವಾದ. ಇನ್ನೊಂದು ಕಾರಣವೂ ಇತ್ತು. ಅಮೆರಿಕದ ಕಂಪನಿ ಬೆಂಗಳೂರಿನ ತನ್ನದೇ ಶಾಖೆಯಿಂದ ಮಾಡಿಸಿಕೊಂಡ ಕೆಲಸ ಅವರ ಆ 42 ಕೋಟಿಯೊಳಗೆ ಇರಲೇ ಇಲ್ಲ. ನಾವು ಅದನ್ನೂ ಸೇರಿಸಿದ್ದೆವು.

ವರ್ಷದ ಈ ಗೆರೆ ಬಹಳ ಮುಖ್ಯ. ಎರಡು ವರ್ಷದ ಕರಾರಿನ ಮೇಲೆ ದುಬೈಗೆ ಹೋದ ನರ್ಸ್ ಲೆಕ್ಕದ ಪ್ರಕಾರ ಅಲ್ಲಿಯವಳೇ. ಅವಳು ಊರಿಗೆ ಕಳಿಸುವ ದುಡ್ಡು ಸೇವಾ ರಫ್ತಲ್ಲ. ಆದರೆ ಈ ಗೆರೆ ಓದಲು ಬಂದವರಿಗೆ ಇಲ್ಲ, ಚಿಕಿತ್ಸೆಗೆ ಬಂದವರಿಗೂ ಇಲ್ಲ. ಬೆಳಗಾವಿಯಲ್ಲಿ ಮಲೇಷ್ಯಾದ ಹುಡುಗ ಹುಡುಗಿಯರು ವೈದ್ಯಕೀಯ ಓದುತ್ತಾರೆ. ಐದು ವರ್ಷ ಇದ್ದರೂ ಲೆಕ್ಕದಲ್ಲಿ ಅವರು ಮಲೇಷ್ಯಾದವರೇ. ಅವರ ಫೀಸು, ಖೋಲಿ ಬಾಡಿಗೆ, ಆಟೋ, ಸಂಜೆ ತಿಂದ ನಮ್ಮೂರ ಸಿಹಿ ಕುಂದಾ, ಎಲ್ಲವೂ ‘ಪ್ರವಾಸ’ ಎಂಬ ಸೇವೆಯ ರಫ್ತು! ಅದೇ ಕುಂದಾವನ್ನು ಡಬ್ಬಿಯಲ್ಲಿ ತುಂಬಿ ಕ್ವಾಲಾಲಂಪುರದ ಅಂಗಡಿಗೆ ಮಾರಿದರೆ ಸರಕಿನ ರಫ್ತು. ಕುಂದಾ ಮಾಡುವವನಿಗೆ ಎರಡೂ ಒಂದೇ, ಅಲ್ವಾ?

ಗೋಲಗುಮ್ಮಟದ ಮುಂದೆ ಜರ್ಮನಿಯ ದಂಪತಿ ಟಾಂಗಾ ಹತ್ತಿದರೆ ಟಾಂಗಾದವನೂ ರಫ್ತುದಾರನೇ. ಅವನಿಗೆ ಸಿಕ್ಕಿದ್ದು ಮಾತ್ರ ರೂಪಾಯಿ ನೋಟು, ಅದಕ್ಕೆ ಯಾವ ಕೋಡೂ ಇಲ್ಲ. ಇಂಥದ್ದನ್ನು ಒಂದೊಂದಾಗಿ ಹಿಡಿಯಲು ಆಗುವುದಿಲ್ಲ. ಬಂದವರ ತಲೆ ಎಣಿಸಿ, ಕೆಲವರನ್ನು ಎಷ್ಟು ಖರ್ಚು ಮಾಡಿದಿರಿ ಎಂದು ಕೇಳಿ, ಗುಣಿಸುತ್ತಾರೆ. ಊರಿಗೆ ಹೊರಟು ನಿಂತವನಿಗೆ ಟಾಂಗಾಕ್ಕೆ ಕೊಟ್ಟ ನೂರಿನ್ನೂರು ಎಲ್ಲಿ ನೆನಪಿರುತ್ತದೆ?

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸಿದ್ದು ನಮ್ಮ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಜಾಬ್ ವರ್ಕ್. ಪರಿಚಯದವರೊಬ್ಬರ ಶೆಡ್ಡಿನಲ್ಲಿ ಮೊನ್ನೆ ಅರ್ಧ ತಾಸು ನಿಂತಿದ್ದೆ. ಹಾಲಿನಂಥ ಕೂಲೆಂಟ್ ಸುರಿಯುತ್ತಿತ್ತು. ಲೋಹದ ಚೂರು ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ಈಗ ಹೀಗೆಂದುಕೊಳ್ಳಿ: ಲೋಹ ಇವರೇ ಕೊಂಡು, ಭಾಗ ಮಾಡಿ, ಜರ್ಮನಿಗೆ ಮಾರಿದರು. ಅದು ಸರಕು. ಇನ್ನೊಮ್ಮೆ ಜರ್ಮನಿಯವರೇ ತಮ್ಮ ಲೋಹ ಕಳಿಸಿ, ಕೊರೆಸಿಕೊಂಡು, ಕೂಲಿ ಕೊಟ್ಟರು. ಅದು ಸೇವೆ. ಮಷಿನ್ ಅದೇ, ಆಪರೇಟರ್ ಅವನೇ, ಪೀಸೂ ಅಂಥದ್ದೇ. ಅಂತರರಾಷ್ಟ್ರೀಯ ಹಣಕಾಸು ನಿಧಿ 2009ರಲ್ಲಿ, ದೇಶಗಳು ವಿದೇಶಿ ಜಮಾಖರ್ಚು ಹೇಗೆ ಬರೆಯಬೇಕೆಂದು ಹೇಳುವ ತನ್ನ ಕೈಪಿಡಿಯ ಆರನೇ ಆವೃತ್ತಿಯಲ್ಲಿ ಈ ನಿಯಮ ತಂದಿತು. ಅದಕ್ಕೂ ಮೊದಲು ಲೋಹ ಬಂದದ್ದು ಆಮದು, ಭಾಗ ಹೋದದ್ದು ರಫ್ತು, ಎರಡೂ ಪೂರ್ತಿ ಬೆಲೆಗೆ. ಈಗ ಕೂಲಿ ಮಾತ್ರ. ಆದರೆ ಕಸ್ಟಮ್ಸ್‌ನವರ ಕಣ್ಣಿಗೆ ಬೀಳುವುದು ಪೂರ್ತಿ ಪೆಟ್ಟಿಗೆಯೇ. ಲೋಹದ ಮಾಲೀಕ ಯಾರೆಂದು ಕಾಗದ ಕೆದಕಿ ತಿಳಿಯಬೇಕು. ಅಷ್ಟು ಕೈ, ಅಷ್ಟು ಕಾಸು ಎಷ್ಟು ಬಡ ದೇಶಗಳ ಲೆಕ್ಕದ ಇಲಾಖೆಯಲ್ಲಿದೆ?

ಇನ್ನು, ನಮ್ಮ ಕಂಪನಿ ಹೊರದೇಶದಲ್ಲೇ ಶಾಖೆ ತೆರೆದು ಅಲ್ಲಿಯವರಿಗೆ ಸೇವೆ ಮಾರಿದರೆ ಅದು ದೇಶದ ಈ ಜಮಾಖರ್ಚಿನ ಪುಸ್ತಕಕ್ಕೇ ಬರುವುದಿಲ್ಲ, ಲಾಭ ಮಾತ್ರ ಬರುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಅಂದಾಜಿನಂತೆ 2017ರಲ್ಲಿ ಜಗತ್ತಿನ ಸೇವಾ ವ್ಯಾಪಾರದ ಸುಮಾರು ಶೇಕಡಾ 60 ನಡೆದದ್ದು ಈ ಶಾಖೆಗಳ ಮೂಲಕವೇ.

ಮರುದಿನ ಹುಡುಗಿ ಬಿಲ್ಲು ತೋರಿಸಿ ಕೋಡ್ ಬದಲಿಸಿಕೊಂಡು ಬಂದಳು. ಕಾಕಾ ಕಳಚಿಕೊಂಡ. ಈಗ ಅವಳು ಕೆಲಸ ಕೊಡಿಸುವ ವಿದೇಶಿ ವೆಬ್‌ಸೈಟೊಂದಕ್ಕೆ ಸೇರಿದ್ದಾಳೆ. ಗಿರಾಕಿ 100 ಡಾಲರ್ ಕೊಟ್ಟರೆ ವೆಬ್‌ಸೈಟ್‌ನವರು 10 ಮುರಿದುಕೊಂಡು 90 ಕಳಿಸುತ್ತಾರೆ. ಸರಿಯಾಗಿ ಬರೆದರೆ ಇದು 100 ಡಾಲರ್ ರಫ್ತು, ಜೊತೆಗೆ 10 ಡಾಲರ್ ಆಮದು ಎಂದೆ.

‘ಹಂಗಾರ ನಾ ಆಮದೂ ಮಾಡ್ತೀನಿ ಅಂದಂಗಾತು. ಅದಕ್ಕ ಯಾವ ಕೋಡ್ ರೀ ಮಾಮಾ?’

ಅದಕ್ಕೆ ಕೋಡ್ ಹಾಕುವವರೇ ಇಲ್ಲ. ಆ 10 ಡಾಲರ್ ನಮ್ಮ ಬ್ಯಾಂಕಿನ ಮುಂದೆ ಹಾದೇ ಇಲ್ಲವಲ್ಲ.