ಪರದೆ ಕಪ್ಪಾಗಿದ್ದು ಯಾವಾಗ?

"ಕಾರ್ಡ್ ಹಾಕಿದೆ ಸಾರ್. ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಮಾತ್ರ ಬರ್ತಿಲ್ಲ. ಕಾರ್ಡೇ ಡೆಡ್ ಅನ್ಸುತ್ತೆ."

ಕಂಪ್ಯೂಟರ್ ರಿಪೇರಿಗೆ ಕೂತಾಗಿನಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೊಸ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ಕೆಟ್ಟಿರುವುದು ಅಪರೂಪ. ಎಂಟು ಹತ್ತು ವರ್ಷ ಒಂದೇ ಥರ ನಡೆದುಕೊಂಡು ಬಂದ ಯಂತ್ರಕ್ಕೆ ದಿಢೀರನೆ ಹೊಸ ಹೊರೆ ಬಿದ್ದಿರುತ್ತದೆ. ಹಳೆಯ ಭಾಗಗಳಲ್ಲಿ ಯಾವುದೋ ಒಂದು ಕೈಚೆಲ್ಲಿರುತ್ತದೆ. ಅದು ಯಾವುದು ಅಂತ ಹಿಡಿಯಲು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಪರದೆ ಕಪ್ಪಾಗಿದ್ದು ಯಾವಾಗ? ಸ್ವಿಚ್ ಒತ್ತಿದಾಗಿನಿಂದಲೇನಾ? ಮದರ್‌ಬೋರ್ಡಿನ ಲೋಗೋ ಬಂದು ಹೋದ ಮೇಲಾ? ಡ್ರೈವರ್ (ಕಾರ್ಡನ್ನು ವಿಂಡೋಸಿಗೆ ಪರಿಚಯಿಸುವ ಸಾಫ್ಟ್‌ವೇರ್) ಹಾಕಿದ ಮೇಲಾ? ಅಥವಾ ಗೇಮ್ ಶುರುವಾಗಿ ಹತ್ತು ನಿಮಿಷಕ್ಕಾ? ಒಂದೊಂದು ಉತ್ತರವೂ ಒಂದೊಂದು ಭಾಗದ ಕಡೆ ಬೆರಳು ತೋರಿಸುತ್ತದೆ.

ಸ್ವಿಚ್ ಒತ್ತಿದಾಗಿನಿಂದಲೇ ಏನೂ ಇಲ್ಲ ಅಂದರೆ, ಮೊದಲು ಕ್ಯಾಬಿನೆಟ್ಟಿನ ಹಿಂಭಾಗ ನೋಡಿ. ಮಾನಿಟರ್ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟ್‌ನಲ್ಲೇ ಇದೆಯಾ? ನಗಬೇಡಿ. ನಾನೇ ಒಮ್ಮೆ ಒಂದು ಗಂಟೆ ರ‍್ಯಾಮ್ ತೆಗೆದು ಹಾಕಿ ಒದ್ದಾಡಿದ ಮೇಲೆ ಇದನ್ನು ಕಂಡೆ. ಕೈ ಅಭ್ಯಾಸದಂತೆ ಹಳೆ ಜಾಗಕ್ಕೇ ಹೋಗಿರುತ್ತದೆ. ಕಾರ್ಡ್ ಹಾಕಿದರೆ ಕೇಬಲ್ ಕಾರ್ಡಿಗೇ ಹೋಗಬೇಕು.

ಮಾನಿಟರ್ ಹಳೆಯದಾಗಿ ವಿಜಿಎ (ಹಳೆ ಕಾಲದ ಅನಲಾಗ್ ಪೋರ್ಟ್) ಮಾತ್ರ ಇದ್ದರೆ ಇನ್ನೊಂದು ತೊಡಕು. ಮುಂಚೆ ಡಿವಿಐ ಪೋರ್ಟ್‌ಗೆ ಪುಟ್ಟ ಅಡಾಪ್ಟರ್ ಸಿಕ್ಕಿಸಿದರೆ ವಿಜಿಎ ಬರುತ್ತಿತ್ತು. ಆ ಪೋರ್ಟ್ ಒಳಗೇ ಅನಲಾಗ್ ಸಿಗ್ನಲ್ ಇರುತ್ತಿತ್ತು, ಅದಕ್ಕೇ. ಎಎಂಡಿ 2013ರ ಆರ್9 290 ಕಾರ್ಡುಗಳಲ್ಲಿ, ಎನ್‌ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಲ್ಲಿ ಅನಲಾಗ್ ಸಿಗ್ನಲ್ಲನ್ನು ಕೈಬಿಟ್ಟವು. ಈಗ ಆ ಸಾದಾ ಅಡಾಪ್ಟರಿನಿಂದ ಏನೂ ಬರುವುದಿಲ್ಲ. ಡಿಜಿಟಲ್ ಸಿಗ್ನಲ್ಲನ್ನು ಅನಲಾಗ್ ಮಾಡುವ ಚಿಪ್ ಇರುವ ಕನ್ವರ್ಟರ್ ಬೇಕು.

ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಕೂತಿದೆಯಾ ನೋಡಿ. ತುದಿಯ ಲಾಕ್ 'ಟಕ್' ಅನ್ನಬೇಕು. ಹಳೆ ಕ್ಯಾಬಿನೆಟ್ಟುಗಳ ತಗಡು ಸ್ವಲ್ಪ ಸೊಟ್ಟಗಾಗಿದ್ದರೆ, ಹಿಂದಿನ ಸ್ಕ್ರೂ ಬಿಗಿ ಮಾಡುವಾಗ ಕಾರ್ಡಿನ ಇನ್ನೊಂದು ತುದಿ ಮೇಲೇಳುತ್ತದೆ. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟಿನಲ್ಲಿ ಧೂಳು ತುಂಬಿರುತ್ತದೆ, ಬ್ರಷ್ಷಿನಿಂದ ತೆಗೆಯಿರಿ. ಇದೆಲ್ಲ ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡ ಮೇಲೆ.

ಇನ್ನು ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆಲ್ಲ ಕರೆಂಟ್ ಹಂಚುವ ಪವರ್ ಸಪ್ಲೈ ಪೆಟ್ಟಿಗೆ. ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೇಸುಗಳು ಇಲ್ಲೇ ಬಂದು ನಿಲ್ಲುತ್ತವೆ.

ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಅದಕ್ಕೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 6 ಪಿನ್ನಿನ ಕನೆಕ್ಟರ್ ಇನ್ನೊಂದು 75, 8 ಪಿನ್ನಿನದು 150. ಜಿಟಿಎಕ್ಸ್ 1650ರಂಥ 75 ವ್ಯಾಟಿನ ಕಾರ್ಡುಗಳಲ್ಲಿ ಹಲವಕ್ಕೆ ಬೇರೆ ಕೇಬಲ್ಲೇ ಬೇಡ. ಹಳೆ ಯಂತ್ರಕ್ಕೆ ಯಾವ ಕಾರ್ಡ್ ಅಂತ ಕೇಳಿದವರಿಗೆ ನಾನು ಮೊದಲು ಇಂಥವನ್ನೇ ತೋರಿಸುವುದು. ಕಾರ್ಡಿನ ಮೇಲೆ ಪವರ್ ಸಾಕೆಟ್ ಇದ್ದೂ ನೀವು ಕೇಬಲ್ ಕೊಟ್ಟಿಲ್ಲವಾದರೆ, ಫ್ಯಾನ್ ತಿರುಗಿದರೂ ಪರದೆ ಬರದೆ ಇರಬಹುದು. ಫ್ಯಾನ್ ತಿರುಗುವುದಕ್ಕೆ ಸ್ಲಾಟಿನ ಕರೆಂಟೇ ಸಾಕು.

ಈಗ ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ. ದೊಡ್ಡ ಅಕ್ಷರದ "450 ವ್ಯಾಟ್" ಬಿಟ್ಟುಬಿಡಿ. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಇದೆ ಅಂತ ನೋಡಿ, 12ರಿಂದ ಗುಣಿಸಿ. 18 ಆಂಪಿಯರ್ ಅಂದರೆ 216 ವ್ಯಾಟ್. ಕಾರ್ಡಿಗೂ ಪ್ರೊಸೆಸರಿಗೂ ಸಿಗುವುದು ಇಷ್ಟೇ. ಉಳಿದ ಅಂಕಿಯೆಲ್ಲ 5 ವೋಲ್ಟ್ ಮತ್ತು 3.3 ವೋಲ್ಟಿನದು. ಕಾರ್ಡಿಗೆ ಆ ಸಾಲುಗಳಿಂದ ಹೆಚ್ಚೇನೂ ಉಪಯೋಗವಿಲ್ಲ. ಹಳೆಯ ವಿನ್ಯಾಸದ ಎಸ್‌ಎಂಪಿಎಸ್‌ಗಳಲ್ಲಿ ಈ ಸಾಲುಗಳಿಗೇ ಜಾಸ್ತಿ ಪಾಲು ಇರುತ್ತಿತ್ತು. 95 ವ್ಯಾಟಿನ ಪ್ರೊಸೆಸರ್, 120 ವ್ಯಾಟಿನ ಕಾರ್ಡ್ ಕೂಡಿಸಿ ನೋಡಿ. 215. ಹಾರ್ಡ್‌ಡಿಸ್ಕ್, ಫ್ಯಾನುಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. 12ವಿ1, 12ವಿ2 ಅಂತ ಎರಡು ಸಾಲು ಇದ್ದರೆ ಎರಡನ್ನೂ ಸುಮ್ನೆ ಕೂಡಿಸಬೇಡಿ. ಒಟ್ಟು ಮಿತಿ ಬೇರೆಯಾಗಿ, ಸಾಮಾನ್ಯವಾಗಿ ಕಡಿಮೆಯಾಗಿ, ಬರೆದಿರುತ್ತಾರೆ.

ಅಡಾಪ್ಟರ್ ಕೇಬಲ್ಲುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ಪವರ್ ಕನೆಕ್ಟರ್ 12 ವೋಲ್ಟಿನಲ್ಲಿ ತಡೆಯುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಅದನ್ನು 75 ವ್ಯಾಟ್ ಕೇಳುವ 6 ಪಿನ್ನಾಗಿ, ಅಥವಾ 150 ಕೇಳುವ 8 ಪಿನ್ನಾಗಿ ಬದಲಿಸುವ ಕೇಬಲ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಸಿಗುತ್ತದೆ ಅಂತ ಹಾಕುವುದಲ್ಲ. ಕರಗಿ ಕಪ್ಪಾದ ಇಂಥ ಕನೆಕ್ಟರುಗಳು ನನ್ನ ಡ್ರಾಯರಿನಲ್ಲಿವೆ, ವಾದ ಮಾಡುವವರಿಗೆ ತೋರಿಸಲು. ಪ್ರೊಸೆಸರಿಗೆ ಹೋಗುವ 8 ಪಿನ್ ಕೇಬಲ್ಲನ್ನು ಕಾರ್ಡಿಗೆ ತುರುಕುವವರೂ ಇದ್ದಾರೆ. ನೋಡಲು ಒಂದೇ ಥರ ಕಂಡರೂ ಅದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲು. ಸುಲಭಕ್ಕೆ ಕೂರದಂತೆ ಪಿನ್ನಿನ ಆಕಾರ ಬೇರೆ ಇಟ್ಟಿದ್ದಾರೆ, ಆದರೆ ಬಲವಂತಕ್ಕೆ ಯಾವ ಮದ್ದೂ ಇಲ್ಲ. ಗುರುತು ಹೇಳುತ್ತೇನೆ: ಪ್ರೊಸೆಸರಿನದು 4+4 ಆಗಿ ಬೇರೆಯಾಗುತ್ತದೆ, ಕಾರ್ಡಿನದು 6+2. ಹಾಗೆಯೇ, ಒಂದು ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆದ ಮಾಡ್ಯುಲರ್ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಪಿನ್ನುಗಳ ಜೋಡಣೆಗೆ ಎಲ್ಲರಿಗೂ ಒಂದೇ ನಿಯಮ ಅಂತ ಇಲ್ಲ.

ಪವರ್ ಸರಿ ಇದೆ, ಕಾರ್ಡ್ ಕೂತಿದೆ, ಆದರೂ ಲೋಗೋ ಬರುವುದಿಲ್ಲ ಅಂದರೆ ಬಯೋಸ್ ಕಡೆ, ಅಂದರೆ ಸ್ವಿಚ್ ಒತ್ತಿದ ಕೂಡಲೇ ಬೋರ್ಡಿನಲ್ಲಿ ಮೊದಲು ಓಡುವ ಪ್ರೋಗ್ರಾಮಿನ ಕಡೆ, ತಿರುಗಬೇಕು. ಮೊದಲು ಕಿವಿಗೊಡಿ. ಸ್ಪೀಕರ್ ಇದ್ದ ಹಳೆ ಅವಾರ್ಡ್ ಬಯೋಸ್‌ಗಳು ಒಂದು ಉದ್ದ ಎರಡು ಗಿಡ್ಡ ಬೀಪ್ ಕೊಟ್ಟರೆ ಡಿಸ್‌ಪ್ಲೇ ಕಾರ್ಡಿನ ತಕರಾರು ಅಂತ ಅರ್ಥ. ಯಾವ ಬೀಪೂ ತಕರಾರು ಹೇಳದೆ ಕೀಬೋರ್ಡಿನ ನಮ್‌ಲಾಕ್ ಕೀ ಒತ್ತಿದಂತೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ, ಯಂತ್ರ ಒಳಗೆ ನಡೆಯುತ್ತಿದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ.

ಇದಕ್ಕೆ ದೊಡ್ಡ ಕಾರಣ ಎರಡು ಕಾಲದ ಜಗಳ. ಸುಮಾರು 2011-12ರ ಹೊತ್ತಿಗೆ ಬೋರ್ಡುಗಳು ಹಳೆ ಬಯೋಸ್ ಬಿಟ್ಟು ಅದರ ಹೊಸ ರೂಪವಾದ ಯುಇಎಫ್‌ಐ ಕಡೆ ಹೊರಳಿದವು. ಅದಕ್ಕೂ ಹಳೆಯ ಬೋರ್ಡುಗಳಿಗೆ ಹಳೆ ಪದ್ಧತಿ ಮಾತ್ರ ಗೊತ್ತು. ಹೊಸ ಕಾರ್ಡುಗಳು ಯುಇಎಫ್‌ಐ ನಂಬಿಕೊಂಡು ಬರುತ್ತವೆ. ನಡುವೆ ಸಿಎಸ್‌ಎಂ ಅನ್ನುವ ಒಂದು ಆಯ್ಕೆ ಇದೆ, ಯುಇಎಫ್‌ಐ ಬೋರ್ಡು ಹಳೆ ಪದ್ಧತಿಯಂತೆ ನಟಿಸುವುದಕ್ಕೆ. ಕೆಲವು ಜೋಡಿಗಳಲ್ಲಿ ಇದನ್ನು ಆಫ್ ಮಾಡಿದರೆ ಪರದೆ ಬರುತ್ತದೆ, ಕೆಲವದರಲ್ಲಿ ಆನ್ ಮಾಡಿದರೆ. ಇಲ್ಲೊಂದು ಹಳ್ಳ ಇದೆ, ನೋಡಿಕೊಳ್ಳಿ. ನಿಮ್ಮ ವಿಂಡೋಸ್ ಹಳೆ ಪದ್ಧತಿಯಲ್ಲಿ, ಅಂದರೆ ಎಂಬಿಆರ್ ಎಂಬ ಹಳೆ ರೀತಿಯಲ್ಲಿ ವಿಭಾಗಿಸಿದ ಡಿಸ್ಕಿನಲ್ಲಿ ಇನ್‌ಸ್ಟಾಲ್ ಆಗಿದ್ದರೆ, ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಪರದೆ ಬಂದೀತು, ವಿಂಡೋಸ್ ಬರುವುದಿಲ್ಲ. ಸಿಸ್ಟಮ್ ಇನ್ಫರ್ಮೇಷನ್ ತೆರೆದು ಬಯೋಸ್ ಮೋಡ್ ಏನಿದೆ ಅಂತ ಹಳೆ ಕಾರ್ಡ್ ಇರುವಾಗಲೇ ನೋಡಿಟ್ಟುಕೊಳ್ಳಿ. ಲೆಗಸಿ ಅಂತಿದ್ದರೆ, 2017ರಿಂದ ವಿಂಡೋಸ್ 10ರಲ್ಲೇ ಬರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಅದೇ ಡಿಸ್ಕನ್ನು ಜಿಪಿಟಿ ಎಂಬ ಹೊಸ ರೀತಿಗೆ ಬದಲಿಸಬಹುದು. ಬ್ಯಾಕಪ್ ತೆಗೆದುಕೊಂಡ ಮೇಲೆ, ಆಯ್ತಾ?

ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದವರು ಒಮ್ಮೆ ಎಚ್‌ಡಿಎಂಐ ಹಾಕಿ ನೋಡಿ. ಜಿಟಿಎಕ್ಸ್ 10 ಸರಣಿ ಸೇರಿ ಕೆಲವು ಕಾರ್ಡುಗಳು ಡಿಸ್‌ಪ್ಲೇಪೋರ್ಟ್ 1.3, 1.4 ಮಾನಿಟರುಗಳ ಜೊತೆ ವಿಂಡೋಸ್ ಬರುವವರೆಗೂ ಕಪ್ಪು ಪರದೆ ತೋರಿಸುತ್ತಿದ್ದವು. 2018ರಲ್ಲಿ ಎನ್‌ವಿಡಿಯಾ ಅದಕ್ಕೆಂದೇ ಫರ್ಮ್‌ವೇರ್ ಅಪ್‌ಡೇಟ್ ಬಿಟ್ಟಿತು. ಇಂಟೆಲ್‌ನ ಆರ್ಕ್ ಕಾರ್ಡುಗಳದು ಬೇರೆಯೇ ಕಥೆ. ಅವುಗಳಿಗೆ ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟಲು ಬಿಡುವ) ಸೌಲಭ್ಯ ಬೇಕು. ಇಂಟೆಲ್ ತನ್ನ ಪ್ರೊಸೆಸರುಗಳಲ್ಲಿ 10ನೇ ತಲೆಮಾರಿನಿಂದ ಈಚಿನದನ್ನೇ ಕೇಳುತ್ತದೆ. ಹಳೆ ಯಂತ್ರಕ್ಕೆ ನಾನಂತೂ ಅದನ್ನು ಹೇಳುವುದಿಲ್ಲ.

ಒಂದು ವಿಚಿತ್ರ ಕೇಸ್ ಹೇಳಬೇಕು. ಒಬ್ಬರ ಯಂತ್ರ ರೀಸ್ಟಾರ್ಟ್ ಎಷ್ಟು ಸಲ ಮಾಡಿದರೂ ಸರಿ. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದರೆ ಮಾತ್ರ ಬೆಳಿಗ್ಗೆ ಡಿಸ್‌ಪ್ಲೇ ಇಲ್ಲ. ಕಾರ್ಡಿಗೆ "ಚಳಿ" ಅಂತ ಅವರೇ ತೀರ್ಮಾನ ಮಾಡಿದ್ದರು. ನೋಡಿದರೆ ಬೋರ್ಡಿನ ಸಿಆರ್2032 ಸೆಲ್ ಸತ್ತಿತ್ತು. ಮೇನ್ ಹೋದ ಕೂಡಲೇ ಬಯೋಸ್ ಸೆಟ್ಟಿಂಗೆಲ್ಲ ಮರೆತು, ಮೊದಲಿನಂತೆ ಬೋರ್ಡಿನ ಡಿಸ್‌ಪ್ಲೇಯನ್ನೇ ಮುಖ್ಯ ಅಂದುಕೊಳ್ಳುತ್ತಿತ್ತು. 3 ವೋಲ್ಟಿನ ಒಂದು ಬಿಲ್ಲೆ ಬದಲಿಸಿದೆ, ಸೆಟ್ಟಿಂಗ್ ಸೇವ್ ಮಾಡಿದೆ, ಮುಗಿಯಿತು.

ಲೋಗೋ ಬಂದು, ವಿಂಡೋಸ್ ಹೊಸ್ತಿಲಲ್ಲಿ ಪರದೆ ಕಪ್ಪಾದರೆ ಹಳೆ ಡ್ರೈವರಿನ ಮೇಲೆ ಅನುಮಾನ ಪಡಿ. ಸೇಫ್ ಮೋಡ್‌ನಲ್ಲಿ ಬರುತ್ತದೆ ಅಂದರೆ ಅನುಮಾನ ಬಹುತೇಕ ನಿಜ. ಡಿಡಿಯು ಅನ್ನುವ ಸಾಫ್ಟ್‌ವೇರಿನಿಂದ ಹಳೆಯದನ್ನು ಪೂರ್ತಿ ಗುಡಿಸಿ, ಹೊಸದನ್ನು ಹಾಕಿ. ಹಳೆ ವಿಂಡೋಸ್ ಇಟ್ಟುಕೊಂಡವರಿಗೆ ಡ್ರೈವರೇ ಸಿಗದಿರಬಹುದು. ಎನ್‌ವಿಡಿಯಾ 32 ಬಿಟ್ ವಿಂಡೋಸಿಗೆ 2018ರಲ್ಲಿ, ವಿಂಡೋಸ್ 7 ಮತ್ತು 8ಕ್ಕೆ 2021ರಲ್ಲಿ ಹೊಸ ಗೇಮ್ ಡ್ರೈವರ್ ನಿಲ್ಲಿಸಿತು.

ಗೇಮ್ ಆಡುವಾಗ ಹೋಗುತ್ತದೆ ಅನ್ನುವವರಿಗೆ ನನ್ನ ಮರುಪ್ರಶ್ನೆ: ಶಬ್ದ ಬರುತ್ತಿರುತ್ತದಾ? ಪರದೆ ಹೋಗಿ ಶಬ್ದ ಉಳಿದರೆ ಯಂತ್ರ ಬದುಕಿದೆ. ಡ್ರೈವರ್, ಕೇಬಲ್ ಅಥವಾ ಕಾರ್ಡಿನ ಮೇಲೆ ಕಣ್ಣಿಡಿ. ಕಾರ್ಡ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ಮರುಚಾಲನೆ ಮಾಡುತ್ತದೆ, ಪರದೆ ಒಂದು ಕ್ಷಣ ಹೋಗಿ ಬರುವುದು ಅದಕ್ಕೇ. ಇಡೀ ಯಂತ್ರ ಪಟ್ ಅಂತ ಆಫ್ ಆದರೆ ಮತ್ತೆ ಎಸ್‌ಎಂಪಿಎಸ್ ಹತ್ತಿರ ಬನ್ನಿ. ಈವೆಂಟ್ ವ್ಯೂವರಿನಲ್ಲಿ "ಕರ್ನಲ್ ಪವರ್ 41" ನೋಡಿ, ಕಾರಣ ಸಿಕ್ಕಿತು ಅಂತ ಕೆಲವರು ಫೋಟೋ ಕಳಿಸುತ್ತಾರೆ. ಅದು ಹೇಳುವುದು ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ. ಅದು ನಿಮಗೂ ಗೊತ್ತಿತ್ತಲ್ವಾ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಆಫ್ಟರ್‌ಬರ್ನರ್‌ನಂಥ ಸಾಫ್ಟ್‌ವೇರಿನಲ್ಲಿ ಕಾರ್ಡಿನ ಪವರ್ ಲಿಮಿಟ್ಟನ್ನು 70 ಶೇಕಡಾಕ್ಕೆ ಇಳಿಸಿ, ಅಥವಾ ಅದು ಎಷ್ಟು ಇಳಿಯಲು ಬಿಡುತ್ತದೋ ಅಷ್ಟಕ್ಕೆ. ಅದೇ ಗೇಮನ್ನು ಅಷ್ಟೇ ಹೊತ್ತು ಆಡಿ. ಆಫ್ ಆಗುವುದು ನಿಂತರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಯಿತು. ಮೀಟರ್ ಇದ್ದವರು ಲೋಡ್ ಇರುವಾಗ 12 ವೋಲ್ಟ್ ಸಾಲನ್ನು ಅಳೆಯಬಹುದು. 11.4ಕ್ಕಿಂತ ಕೆಳಗೆ ಹೋಗಬಾರದು. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಕುಸಿತ ಸಾದಾ ಮೀಟರಿಗೆ ಕಾಣುವುದಿಲ್ಲ. ಅದಕ್ಕೇ ಅಳತೆ ಸರಿ ಬಂತು ಅಂತ ನಾನು ಹಳೆ ಎಸ್‌ಎಂಪಿಎಸ್‌ಗೆ ಕ್ಲೀನ್ ಚಿಟ್ ಕೊಡುವುದಿಲ್ಲ, ಚೆನ್ನಾಗಿರುವ ಇನ್ನೊಂದನ್ನು ಹಾಕಿ ನೋಡುತ್ತೇನೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

"ಎಲ್ಲ ಸರಿ ಇದೆ, ಸ್ಪೀಡ್ ಮಾತ್ರ ಬರ್ತಿಲ್ಲ" ಅನ್ನುವವರು ಕಾರ್ಡಿನ ವಿವರ ತೋರಿಸುವ ಜಿಪಿಯು-ಜೆಡ್ ಸಾಫ್ಟ್‌ವೇರ್ ತೆರೆದು ಬಸ್ ಇಂಟರ್‌ಫೇಸ್ ನೋಡಲಿ, ಪಿಸಿಐ ಎಕ್ಸ್‌ಪ್ರೆಸ್ ಎಷ್ಟನೇ ಆವೃತ್ತಿಯಲ್ಲಿ ಓಡುತ್ತಿದೆ ಅಂತ ಅಲ್ಲಿರುತ್ತದೆ. ಸುಮ್ಮನಿದ್ದಾಗ 1.1 ಅಂತ ಕಂಡರೆ ಗಾಬರಿ ಬೇಡ, ಕರೆಂಟ್ ಉಳಿಸಲು ಕಾರ್ಡ್ ಕೆಳಗಿಳಿದಿರುತ್ತದೆ. ಲೋಡ್ ಕೊಟ್ಟು ನೋಡಿ. ಸ್ಲಾಟಿನಲ್ಲಿ ಡೇಟಾ ಓಡಾಡುವ ದಾರಿಗಳಿಗೆ ಲೇನು ಅನ್ನುತ್ತಾರೆ; ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್ ಬಳಸುವುದು ನಾಲ್ಕೇ ಲೇನು. ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಆ ನಾಲ್ಕರಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹೋಗುತ್ತದೆ. 3.0 ಬೋರ್ಡಿನಲ್ಲಿ ಅರ್ಧ, 2.0ದಲ್ಲಿ ಕಾಲು. ಹಳೆ ಬೋರ್ಡಿಗೆ ಕಾರ್ಡ್ ಆರಿಸುವಾಗ ಲೇನ್ ಎಷ್ಟು ಅಂತ ಕೇಳಬೇಕಾದ್ದು ಇದಕ್ಕೇ.

ಹಾಗಾದರೆ ಕಾರ್ಡ್ ನಿಜಕ್ಕೂ ಕೆಟ್ಟಿರುವುದು ಹೇಗೆ ಗೊತ್ತಾಗುತ್ತದೆ? ಡ್ರೈವರ್ ಇನ್ನೂ ಬಾರದ ಬಯೋಸ್ ಪರದೆಯಲ್ಲೇ ಗೆರೆ, ಚೌಕಳಿ, ಬಣ್ಣದ ಚುಕ್ಕಿ ಕಂಡರೆ, ಕೇಬಲ್ ಬದಲಿಸಿದರೂ ಹಾಗೇ ಇದ್ದರೆ. ಅಥವಾ ಬೇರೆ ಇನ್ನೊಂದು ಯಂತ್ರಕ್ಕೆ ಹಾಕಿದಾಗಲೂ ಅದೇ ಕಾಟ ಕೊಟ್ಟರೆ. ಆಗ ಹೀಟ್‌ಸಿಂಕ್ ಬಿಚ್ಚಿ ನೋಡುವ ಆಸೆಗೆ ಬೀಳಬೇಡಿ, ಸೀಲ್ ಹರಿದರೆ ವಾರಂಟಿಗೆ ತಗಾದೆ ಬರಬಹುದು. ಆ ಗೆರೆಗಳ ಫೋಟೋ ತೆಗೆದಿಟ್ಟುಕೊಂಡು, ಬಂದ ಪೆಟ್ಟಿಗೆಯಲ್ಲೇ ಕಾರ್ಡನ್ನು ವಾಪಸ್ ಕಳಿಸಿ.