ಗಾಳಿಯಲ್ಲಿ ಹರಡದ ಎಬೋಲಾ ಸಾವಿರಾರು ಜನರಿಗೆ ತಗಲಿದ್ದು ಹೇಗೆ?

ಪ್ರಶ್ನೆ: ಎಬೋಲಾ ವೈರಸ್ ಗಾಳಿಯ ಮೂಲಕ ಹರಡುವುದಿಲ್ಲ, ರೋಗಿಯ ರಕ್ತವನ್ನೋ ವಾಂತಿಯನ್ನೋ ಮುಟ್ಟಿದರೆ ತಗಲುತ್ತದೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಪಶ್ಚಿಮ ಆಫ್ರಿಕಾದಲ್ಲಿ ಅಷ್ಟೊಂದು ಸಾವಿರ ಜನರಿಗೆ ಅದು ಬಂದದ್ದು ಹೇಗೆ?

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ. ಗಾಳಿಯಲ್ಲಿ ಹರಡುವ ದಡಾರವಾದರೆ, ಲಸಿಕೆಯಿಲ್ಲದ ಊರಿನಲ್ಲಿ ಅದರ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ರೋಗ ದಾಟಬಹುದು. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾದ ಒಬ್ಬ ರೋಗಿಯಿಂದ ದಾಟಿದ್ದು ಸರಾಸರಿ ಇಬ್ಬರಿಗೆ, ಇಲ್ಲವೇ ಅದಕ್ಕೂ ಕಡಿಮೆ. ಆದರೂ 2013ರ ಕೊನೆಯಲ್ಲಿ ಗಿನಿಯ ಒಂದು ಹಳ್ಳಿಯಲ್ಲಿ ಹೊತ್ತಿಕೊಂಡ ರೋಗವು 2016ರ ಹೊತ್ತಿಗೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ 28,600ಕ್ಕೂ ಹೆಚ್ಚು ಜನರನ್ನು ಹಿಡಿದು, 11,300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಇಬ್ಬರು ಯಾರು ಎಂದು ಕೇಳಿಕೊಂಡರೆ ನಿಮ್ಮ ಪ್ರಶ್ನೆ ಅರ್ಧ ಬಿಡಿಸಿದಂತೆ: ರೋಗಿಯ ವಾಂತಿ ಬಳಿದವರು, ಹಾಸಿಗೆಬಟ್ಟೆ ಒಗೆದವರು, ಸತ್ತ ಮೇಲೆ ಶವಕ್ಕೆ ಸ್ನಾನ ಮಾಡಿಸಿದವರು. ಉಳಿದರ್ಧ ರೋಗಿಯ ದೇಹದೊಳಗಿದೆ. ವೈರಸ್ ಯಾವ ಜೀವಕೋಶಗಳಲ್ಲಿ ತಯಾರಾಗುತ್ತದೆಯೋ ಅದರ ಮೇಲೆ ಅದು ಹೊರಗೆ ಬರುವ ದಾರಿಯೂ ನಿಂತಿರುತ್ತದೆ.

ಎಬೋಲಾ ಮತ್ತು ಅದರ ದಾಯಾದಿಯಾದ ಮಾರ್ಬರ್ಗ್ ವೈರಸ್‌ಗಳು ಉಂಡೆಯಾಕಾರದವಲ್ಲ, ನೂಲಿನೆಳೆಯಂಥವು. ಲ್ಯಾಟಿನ್ನಿನಲ್ಲಿ ನೂಲಿಗೆ ಇರುವ ಹೆಸರಿನಿಂದಲೇ ಇವುಗಳಿಗೆ ಫಿಲೋವೈರಸ್ ಎಂಬ ಕುಲನಾಮ ಬಂದಿದೆ. ಎಳೆಯ ದಪ್ಪ ಸುಮಾರು 80 ನ್ಯಾನೋಮೀಟರ್. ಉದ್ದ ಅದರ ಹತ್ತಾರು ಪಟ್ಟು. ಒಳಗೆ ತಳಿಮಾಹಿತಿಯನ್ನು ಹೊತ್ತಿರುವ ಆರ್‌ಎನ್‌ಎಯಲ್ಲಿ ಸುಮಾರು 19,000 ಅಕ್ಷರಗಳು, ಏಳೇ ಜೀನ್‌ಗಳು. ಎಳೆಯ ಮೈಮೇಲಿನ ಗ್ಲೈಕೋಪ್ರೋಟೀನ್ ಮುಳ್ಳುಗಳು ಜೀವಕೋಶಕ್ಕೆ ಅಂಟಿಕೊಂಡಾಗ ಕೋಶವೇ ಅದನ್ನು ನುಂಗುತ್ತದೆ, ಜೀರ್ಣಿಸಿಕೊಳ್ಳುವ ಕಿಣ್ವಗಳನ್ನೂ ಅದರ ಮೇಲೆ ಬಿಡುತ್ತದೆ. ಅವು ಮುಳ್ಳಿನ ಮೇಲಿನ ಹೊದಿಕೆಯನ್ನು ಕತ್ತರಿಸಿದಾಗ ಒಳಗಿನ ಭಾಗ ಬಯಲಾಗಿ, ಕೊಲೆಸ್ಟೆರಾಲ್ ಸಾಗಿಸುವುದನ್ನು ಕಸುಬಾಗಿ ಮಾಡಿಕೊಂಡಿರುವ ಎನ್‌ಪಿಸಿ1 ಎಂಬ ಪ್ರೋಟೀನಿಗೆ ಕೂಡಿಕೊಳ್ಳುತ್ತದೆ. ಬಾಗಿಲು ತೆರೆಯುವುದು ಅಲ್ಲಿ. ತಿನ್ನಲು ಹೊರಟ ಕೋಶವೇ ಬೀಗದ ಕೈಯನ್ನು ಅರದಿಂದ ಉಜ್ಜಿ ಹದ ಮಾಡಿಕೊಟ್ಟಂತಾಯಿತು. ಈ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿರುವ ನೀಮನ್-ಪಿಕ್ ಸಿ ಎಂಬ ಅಪರೂಪದ ಕಾಯಿಲೆಯವರ ಕೋಶಗಳಿಗೆ ಪ್ರಯೋಗಾಲಯದಲ್ಲಿ ಎಬೋಲಾ ಸೋಂಕು ಹತ್ತುವುದಿಲ್ಲ ಎಂಬುದು 2011ರಲ್ಲಿ ತಿಳಿದುಬಂತು.

ಮೊದಲು ಸಿಕ್ಕಿಬೀಳುವುದು ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಕೋಶಗಳಂಥ, ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರೇ. ವೈರಸ್ಸಿನ ವಿಪಿ35 ಎಂಬ ಪ್ರೋಟೀನ್ ತನ್ನ ಆರ್‌ಎನ್‌ಎಯ ಸುಳಿವು ಸಿಗದಂತೆ ಮರೆಮಾಡುತ್ತದೆ. ವಿಪಿ24 ಎಂಬ ಇನ್ನೊಂದು ಪ್ರೋಟೀನ್, ವೈರಸ್ ಬಂದಿದೆಯೆಂದು ಎಚ್ಚರಿಸುವ ಇಂಟರ್‌ಫೆರಾನಿನ ಸಂದೇಶ ಕೋಶಕೇಂದ್ರವನ್ನು ಮುಟ್ಟದಂತೆ ತಡೆಯುತ್ತದೆ. ಹೀಗೆ ದೂರು ಕೊಡಲಾಗದ ಕಾವಲುಗಾರರು ದುಗ್ಧಗ್ರಂಥಿಗಳಿಗೆ, ಗುಲ್ಮಕ್ಕೆ, ಯಕೃತ್ತಿಗೆ ವೈರಸ್ಸನ್ನು ತಾವೇ ಹೊತ್ತೊಯ್ಯುತ್ತಾರೆ.

ಹೊಸ ಎಳೆಗಳನ್ನು ಕಟ್ಟುವ ಕೆಲಸ ವಿಪಿ40 ಎಂಬ ಪ್ರೋಟೀನಿನದು, ಮತ್ತು ನನ್ನ ಮಟ್ಟಿಗೆ ಈ ಕಥೆಯಲ್ಲಿ ಅತ್ಯಂತ ಸೋಜಿಗದ ಭಾಗ ಇದೇ. ಏಳೇ ಜೀನ್‌ಗಳ ಸಂಸಾರದಲ್ಲಿ ಒಬ್ಬೊಬ್ಬರೂ ಎರಡು ಮೂರು ಕೆಲಸ ಮಾಡದೆ ಗತಿಯಿಲ್ಲ. ವಿಪಿ40 ಅದನ್ನು ಆಕಾರ ಬದಲಿಸಿ ಸಾಧಿಸುತ್ತದೆ. ತಯಾರಾದ ಕೂಡಲೇ ಎರಡೆರಡು ಕೂಡಿ ರೆಕ್ಕೆ ಬಿಚ್ಚಿದ ಚಿಟ್ಟೆಯಂತಾಗಿ ಕೋಶದ ಹೊರಪೊರೆಯತ್ತ ಸಾಗುತ್ತವೆ. ಆ ಪೊರೆಯ ಒಳಮೈಯಲ್ಲಿ ಋಣ ವಿದ್ಯುದಂಶದ ಕೊಬ್ಬಿನ ಅಣುಗಳಿರುವುದರಿಂದ, ಧನ ವಿದ್ಯುದಂಶದ ತಮ್ಮ ಮಗ್ಗುಲನ್ನು ಅದಕ್ಕೆ ಒತ್ತಿಕೊಂಡು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಲುಗಟ್ಟುತ್ತವೆ. ಶ್ಯಾವಿಗೆ ಒರಳಿನಿಂದ ಎಳೆ ಇಳಿಯುವಂತೆ ಪೊರೆ ಹೊರಕ್ಕೆ ನೀಳವಾಗಿ ಚಾಚಿಕೊಳ್ಳುತ್ತದೆ. ಸುರುಳಿ ಸುತ್ತಿದ ಆರ್‌ಎನ್‌ಎ ಅದರೊಳಗೆ ಸೇರುತ್ತದೆ. ಕೊನೆಗೆ ಎಳೆಯನ್ನು ಕತ್ತರಿಸಿ ಬಿಡಿಸುವ ಕೆಲಸಕ್ಕೆ ಕೋಶದ ಸ್ವಂತ ಸಲಕರಣೆಗಳೇ ಒದಗುತ್ತವೆ. ಇದೇ ವಿಪಿ40 ಕೋಶದೊಳಗೆ ಎಂಟೆಂಟು ಕೂಡಿ ಉಂಗುರವಾದರೆ ಕಟ್ಟುವ ಕೆಲಸವನ್ನು ಬಿಟ್ಟು, ಆರ್‌ಎನ್‌ಎಯನ್ನು ಹಿಡಿದು ವೈರಸ್ಸಿನ ಜೀನ್‌ಗಳ ನಕಲು ಎಷ್ಟಾಗಬೇಕೆಂದು ನಿಯಂತ್ರಿಸುತ್ತದೆ ಎಂಬುದನ್ನು 2013ರಲ್ಲಿ ಎರಿಕಾ ಓಲ್ಮನ್ ಸಫೈರ್ ಅವರ ತಂಡ ತೋರಿಸಿಕೊಟ್ಟಿತು. ಬೇರಾವ ಜೀನೂ ಇಲ್ಲದೆ ವಿಪಿ40 ಒಂದನ್ನೇ ಕೋಶದಲ್ಲಿ ತಯಾರಿಸಿದರೂ ಎಬೋಲಾದಂತೆಯೇ ಕಾಣುವ, ಒಳಗೇನೂ ಇಲ್ಲದ ಟೊಳ್ಳು ಎಳೆಗಳು ಹೊರಬರುತ್ತವೆ.

ಈ ಎಳೆಗಳು ಹೇರಳವಾಗಿ ಉದುರುವುದು ರಕ್ತಕ್ಕೆ. ಅಲ್ಲಿಂದ ವಾಂತಿಗೆ, ಭೇದಿಗೆ, ಬೆವರಿಗೆ. ಸೋಂಕು ತಗಲಿ ಲಕ್ಷಣ ಕಾಣಲು 2ರಿಂದ 21 ದಿನ ಬೇಕು, ಅಲ್ಲಿಯವರೆಗೆ ಆ ವ್ಯಕ್ತಿಯಿಂದ ಇನ್ನೊಬ್ಬರಿಗೆ ರೋಗ ಹರಡುವುದಿಲ್ಲ. ಜ್ವರ ಏರುತ್ತಾ ಹೋದಂತೆ ವೈರಸ್ಸಿನ ಸಂಖ್ಯೆಯೂ ಏರಿ, ಸಾಯುವ ಹೊತ್ತಿಗೆ ಒಂದೊಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆಯಾಗಿರುತ್ತದೆ. ಅಂದರೆ ರೋಗಿಯು ಸಂತೆ ಸುತ್ತುವಾಗಲ್ಲ, ಏಳಲಾಗದೆ ಮಲಗಿದಾಗ ಮತ್ತು ಶವವಾದಾಗ ಅಪಾಯ ಹೆಚ್ಚು. ಆಗ ಹತ್ತಿರ ಇರುವವರು ತಾಯಿ, ಹೆಂಡತಿ, ಮಗಳು, ದಾದಿ. ಶವಕ್ಕೆ ಸ್ನಾನ ಮಾಡಿಸಿ, ಮುಟ್ಟಿ ಬೀಳ್ಕೊಡುವ ಪದ್ಧತಿಯಿದ್ದ ಕಡೆ ಒಂದು ಅಂತ್ಯಸಂಸ್ಕಾರದಿಂದ ಹಲವು ಹಳ್ಳಿಗಳಿಗೆ ರೋಗ ನಡೆದುಹೋಯಿತು. ಇದನ್ನು ಅಜ್ಞಾನವೆಂದು ಜರೆಯುವವರನ್ನು ಕಂಡಿದ್ದೇನೆ. ಸತ್ತವರಿಗೆ ಕೊನೆಯ ಸ್ನಾನ ಮಾಡಿಸುವ ನಾವು ಹಾಗೆನ್ನುವುದು ಸಲ್ಲದು.

ಆಸ್ಪತ್ರೆಯೂ ದಾರಿಯಾಗಬಲ್ಲದು. 1976ರಲ್ಲಿ ಅಂದಿನ ಜೈರ್ (ಇಂದಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಯಂಬುಕು ಎಂಬಲ್ಲಿ ರೋಗ ಕಾಣಿಸಿಕೊಂಡಾಗ 318 ರೋಗಿಗಳಲ್ಲಿ 280 ಮಂದಿ ಸತ್ತರು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಿದ ಸೂಜಿಗಳೇ ಹಲವರಿಗೆ ವೈರಸ್ಸನ್ನು ನೇರವಾಗಿ ರಕ್ತಕ್ಕೆ ಸೇರಿಸಿದ್ದವು. ಊರಿಗೆ ಕಳಂಕ ಬರಬಾರದೆಂದು ರೋಗಕ್ಕೆ ಆ ಸೀಮೆಯ ಎಬೋಲಾ ನದಿಯ ಹೆಸರಿಟ್ಟರು.

ಇನ್ನೊಂದು ದಾರಿ ತಡವಾಗಿ ಮನವರಿಕೆಯಾಯಿತು. ಕಣ್ಣಿನ ಒಳಭಾಗ, ವೃಷಣಗಳಂಥ ಕಡೆ ರೋಗನಿರೋಧಕ ವ್ಯವಸ್ಥೆ ಮೆತ್ತಗೆ ನಡೆದುಕೊಳ್ಳುವುದರಿಂದ, ರಕ್ತ ಶುದ್ಧವಾದ ಮೇಲೂ ವೈರಸ್ ಅಲ್ಲಿ ಉಳಿಯಬಲ್ಲದು. 2014ರ ನವೆಂಬರಿನಲ್ಲಿ, ಲೈಬೀರಿಯಾದಲ್ಲಿ ಗುಣಮುಖನಾಗಿ ಮರಳಿದ ಭಾರತೀಯ ಯುವಕನೊಬ್ಬನನ್ನು ದೆಹಲಿ ವಿಮಾನನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸಿದ್ದು ಇದೇ ಕಾರಣಕ್ಕೆ: ರಕ್ತದಲ್ಲಿ ವೈರಸ್ ಇರಲಿಲ್ಲ, ವೀರ್ಯದಲ್ಲಿ ಅದರ ಕುರುಹು ಇತ್ತು. 2021ರಲ್ಲಿ ಗಿನಿಯಲ್ಲಿ ಮತ್ತೆ ರೋಗ ಕಾಣಿಸಿಕೊಂಡಾಗ ಆ ವೈರಸ್ಸಿನ ಆರ್‌ಎನ್‌ಎ ಹಿಂದಿನ ಪಿಡುಗಿನದಕ್ಕಿಂತ ಹೆಚ್ಚು ಬದಲಾಗಿರಲಿಲ್ಲ; ಬದುಕುಳಿದ ಯಾರದೋ ದೇಹದಲ್ಲಿ ಅದು ಐದಾರು ವರ್ಷ ಅಡಗಿತ್ತೆಂದು ವಿಜ್ಞಾನಿಗಳು ತೀರ್ಮಾನಿಸಿದರು. ಆದ್ದರಿಂದಲೇ ಕೊನೆಯ ರೋಗಿ ಸೋಂಕಿನಿಂದ ಮುಕ್ತನಾದ ಬಳಿಕ 21ರ ಎರಡರಷ್ಟು, ಅಂದರೆ 42 ದಿನ ಕಾದು ಪಿಡುಗು ಮುಗಿಯಿತೆಂದು ಸಾರಿದ ಮೇಲೂ, ಗುಣಮುಖರಾದ ಗಂಡಸರ ವೀರ್ಯದ ಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದುವರಿಸುತ್ತಾರೆ.