ಮಾರ್ಪಡಿಸಿದ ಗೋ-ಕಾರ್ಟ್ ಎಂಜಿನ್ನಿಗೆ ಎಂಥ ಟಾರ್ಕ್ ಕನ್ವರ್ಟರ್ ಬೇಕು?

ಕಳೆದ ಬೇಸಿಗೆಯಲ್ಲಿ ಚಿತ್ರದುರ್ಗದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಗೋ-ಕಾರ್ಟನ್ನು ಟೆಂಪೋದಲ್ಲಿ ಹೇರಿಕೊಂಡು ದಾವಣಗೆರೆಯ ನಮ್ಮ ವರ್ಕ್‌ಶಾಪಿಗೆ ಬಂದರು. 196 ಸಿಸಿಯ ಎಂಜಿನ್‌ನ ವೇಗಕ್ಕೆ ಮಿತಿ ಹಾಕುವ ಗವರ್ನರ್ ತೆಗೆದು, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಷಾಫ್ಟ್ ಬದಲಿಸಿ, ಏರ್ ಫಿಲ್ಟರ್ ಮತ್ತು ಸೈಲೆನ್ಸರನ್ನು ಹಗುರ ಮಾಡಿ, ಕಾರ್ಬ್ಯುರೇಟರಿನ ಜೆಟ್ಟನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅವರಲ್ಲೊಬ್ಬ ಹೇಳಿದ ಮಾತು ಇದು: "ಸರ್, ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಮೊದಲಿಗಿಂತ ಮಂದ ಆಗಿದೆ. ಏರು ಬಂದರೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತೆ."

ಈ ದೂರು ನನಗೆ ಹೊಸದಲ್ಲ. ಎಂಜಿನ್ನಿನ ಮೇಲೆ ತಿಂಗಳುಗಟ್ಟಲೆ ದುಡಿದವರು ಅದರ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಟಾರ್ಕ್ ಕನ್ವರ್ಟರನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡಿರುತ್ತಾರೆ, ಇಲ್ಲವೇ ಅಶ್ವಶಕ್ತಿಯ ಒಂದು ಅಂಕಿಯನ್ನು ನೋಡಿ ಹೊಸದನ್ನು ಕೊಂಡಿರುತ್ತಾರೆ. ಎಂಜಿನ್ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ವೇಗದಲ್ಲಿ) ಚೆನ್ನಾಗಿ ಎಳೆಯುತ್ತದೆ ಎಂಬುದನ್ನು ಮೊದಲು ತಿಳಿದು, ಕನ್ವರ್ಟರ್ ಅದೇ ಆರ್‌ಪಿಎಂನಲ್ಲಿ ಕೆಲಸ ಮಾಡುವಂತೆ ಹೊಂದಿಸುವುದೇ ಸರಿಯಾದ ಆಯ್ಕೆಯೆಂದು ನಾನು ನಂಬಿದ್ದೇನೆ. ಅಶ್ವಶಕ್ತಿಯ ಲೆಕ್ಕ ಆಮೇಲಿನದು.

ಹೆಸರಿನ ಗೊಂದಲವನ್ನು ಮೊದಲು ಬಿಡಿಸಬೇಕು. ಆಟೊಮ್ಯಾಟಿಕ್ ಕಾರಿನ ಟಾರ್ಕ್ ಕನ್ವರ್ಟರ್ ಎಣ್ಣೆಯ ಹರಿವಿನಿಂದ ಕೆಲಸ ಮಾಡುವ ಸಾಧನ. ಗೋ-ಕಾರ್ಟಿನವರು ಅದೇ ಹೆಸರಿನಿಂದ ಕರೆಯುವುದು ಎರಡು ಪುಲ್ಲಿ ಮತ್ತು ಒಂದು ರಬ್ಬರ್ ಬೆಲ್ಟಿನ ಜೋಡಣೆಯನ್ನು. ಗೇರ್ ಇಲ್ಲದ ಸ್ಕೂಟರ್ ಬಿಚ್ಚಿದ ಯಾವ ಮೆಕ್ಯಾನಿಕ್ಕಿಗೂ ಇದು ಗುರುತು ಸಿಗುತ್ತದೆ. ಹಳೆಯ ಲೇತ್ ಯಂತ್ರದಲ್ಲಿ ಮೆಟ್ಟಿಲು ಪುಲ್ಲಿಯ ಮೇಲೆ ಬೆಲ್ಟನ್ನು ಕೈಯಿಂದ ಸಣ್ಣದರಿಂದ ದೊಡ್ಡದಕ್ಕೆ ಸರಿಸಿ ವೇಗ ಬದಲಿಸುತ್ತಿದ್ದುದನ್ನು ನೆನೆಯಿರಿ. ಇಲ್ಲಿ ಆ ಕೆಲಸವನ್ನು ಪುಲ್ಲಿಗಳು ತಾವೇ, ಮೆಟ್ಟಿಲುಗಳಿಲ್ಲದೆ ಮಾಡುತ್ತವೆ. ಎಂಜಿನ್ ಷಾಫ್ಟಿನ ಮೇಲಿರುವ ಮುಂದಿನ ಪುಲ್ಲಿಯೊಳಗಿನ ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಸರಿದು, ಸ್ಪ್ರಿಂಗಿನ ಹಿಡಿತವನ್ನು ಮೀರಿ, ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಂದು ಬೆಲ್ಟನ್ನು ಮೇಲೇರಿಸುತ್ತವೆ. ಅದೇ ಹೊತ್ತಿಗೆ ಹಿಂದಿನ ಪುಲ್ಲಿಯ ತಟ್ಟೆಗಳು ಅಗಲವಾಗಿ ಬೆಲ್ಟ್ ಒಳಗಿಳಿಯುತ್ತದೆ. ಏರು ಬಂದು ಚಕ್ರದ ಮೇಲೆ ಭಾರ ಬಿದ್ದಾಗ, ಹಿಂದಿನ ಪುಲ್ಲಿಯಲ್ಲಿರುವ ಓರೆಯಾದ ಕ್ಯಾಮ್ ಆ ಭಾರದಿಂದಲೇ ತಟ್ಟೆಗಳನ್ನು ಮತ್ತೆ ಕೂಡಿಸಿ ಬೆಲ್ಟನ್ನು ತಗ್ಗಿನ ಗೇರಿಗೆ ತರುತ್ತದೆ. ಸ್ಕೂಟರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸ್ಕೂಟರಿನಲ್ಲಿ ಕ್ಲಚ್ ಹಿಂದಿನ ಪುಲ್ಲಿಯ ಬಳಿ ಬೇರೆಯಾಗಿರುತ್ತದೆ. ಇಲ್ಲಿ ಮುಂದಿನ ಪುಲ್ಲಿಯೇ ಕ್ಲಚ್ ಕೂಡ ಆಗಿದ್ದು, ಐಡ್ಲಿಂಗಿನಲ್ಲಿ ಬೆಲ್ಟ್ ಅದರ ನಡುವೆ ಸಡಿಲವಾಗಿ ಕುಳಿತಿರುತ್ತದೆ.

ಈಗ ಆ ಹುಡುಗರ ಸಮಸ್ಯೆಗೆ ಬರೋಣ. ಈ ವರ್ಗದ ಎಂಜಿನ್‌ಗಳಿಗೆ ಮಾದರಿಯಾದ ಹೋಂಡಾ ಜಿಎಕ್ಸ್200 ಕಾರ್ಖಾನೆಯಿಂದ ಬರುವಾಗ 3,600 ಆರ್‌ಪಿಎಂನಲ್ಲಿ ಸುಮಾರು 5.5 ಅಶ್ವಶಕ್ತಿಯನ್ನೂ, 2,500 ಆರ್‌ಪಿಎಂನಲ್ಲಿ 12.4 ನ್ಯೂಟನ್ ಮೀಟರ್ ಟಾರ್ಕನ್ನೂ (ತಿರುಗಿಸುವ ಬಲವನ್ನೂ) ಕೊಡುತ್ತದೆ. 30 ಸರಣಿಯೆಂದು ಕರೆಯುವ, ನಮ್ಮಲ್ಲಿ ಹೆಚ್ಚಾಗಿ ಕಾಣುವ ಕನ್ವರ್ಟರಿನ ಸ್ಪ್ರಿಂಗ್ ಮತ್ತು ತೂಕಗಳನ್ನು ಇಂಥ ಎಂಜಿನ್ನಿಗಾಗಿಯೇ ಹೊಂದಿಸಿರುತ್ತಾರೆ: 1,800 ಆರ್‌ಪಿಎಂನ ಆಸುಪಾಸಿನಲ್ಲಿ ಅದು ಬೆಲ್ಟನ್ನು ಹಿಡಿಯುತ್ತದೆ, 3,600 ತಲುಪುವ ಮೊದಲೇ ಪೂರ್ತಿ ಮೇಲಿನ ಗೇರಿಗೆ ಹೋಗಿಬಿಡುತ್ತದೆ. ಕ್ಯಾಮ್‌ಷಾಫ್ಟ್ ಬದಲಿಸಿದ ಎಂಜಿನ್ನಿನ ಎಳೆತವಾದರೋ 2,500 ಬಿಟ್ಟು ಮೇಲಕ್ಕೆ ಸರಿದಿರುತ್ತದೆ, ಕೆಳಗಿನ ವೇಗದಲ್ಲಿ ಮೊದಲಿಗಿಂತ ಬಡವಾಗಿರುತ್ತದೆ. ಎಂಜಿನ್ ತನ್ನ ಬಲದ ಜಾಗಕ್ಕೆ ಏರುವ ಮುನ್ನವೇ ಕನ್ವರ್ಟರ್ ಗೇರನ್ನು ಏರಿಸಿ ಅದರ ಕತ್ತು ಹಿಸುಕಿದಂತಾಗುತ್ತದೆ. ಶಕ್ತಿ ಹೆಚ್ಚಿದ ಗಾಡಿ ಮಂದವಾದದ್ದು ಹೀಗೆ.

ಇದಕ್ಕೆ ಮದ್ದು ಎರಡು ಕಡೆ ಇದೆ. ಮುಂದಿನ ಪುಲ್ಲಿಗೆ ಗಡುಸಾದ ಸ್ಪ್ರಿಂಗ್ ಹಾಕಿದರೆ ಹಿಡಿಯುವ ವೇಗ ಮೇಲೇರುತ್ತದೆ. ಹಿಂದಿನ ಪುಲ್ಲಿಯ ಸ್ಪ್ರಿಂಗಿನ ತುದಿಯನ್ನು ಮುಂದಿನ ರಂಧ್ರಕ್ಕೆ ಸಿಕ್ಕಿಸಿ ಬಿಗಿ ಹೆಚ್ಚಿಸಿದರೆ ಗೇರ್ ಏರುವುದು ತಡವಾಗುತ್ತದೆ, ಏರಿನಲ್ಲಿ ಕೆಳಗಿಳಿಯುವುದು ಬೇಗವಾಗುತ್ತದೆ. ಥ್ರಾಟಲ್ ಪೂರ್ತಿ ತೆರೆದು ಓಡಿಸಿದಾಗ, ಗೇರ್ ಬದಲಾಗುತ್ತಿರುವಷ್ಟು ಹೊತ್ತೂ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂನ ಹತ್ತಿರವೇ ನಿಂತು, ಗಾಡಿಯ ವೇಗ ಮಾತ್ರ ಏರುತ್ತಿರಬೇಕು. ಹೊಂದಾಣಿಕೆ ಸರಿಯಾಗಿದೆ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಗುರುತು ಗೊತ್ತಿಲ್ಲ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಇದ್ದರೆ ಸಾಕು. ಜೊತೆಗೆ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದು ಒಂದು ಸುತ್ತು ಓಡಿಸಿ ಬಂದರೆ, ಗೆರೆ ಅಳಿಸಿರುವ ಎತ್ತರವೇ ಬೆಲ್ಟ್ ಎಲ್ಲಿಯವರೆಗೆ ಏರಿತ್ತೆಂದು ಹೇಳುತ್ತದೆ.

ಆದರೆ ಹಿಡಿಯುವ ವೇಗವನ್ನು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ಲೆಕ್ಕ ಹಾಕಿ ನೋಡೋಣ. 30 ಸರಣಿಯ ಅನುಪಾತ, ಅಂದರೆ ಹಿಂದಿನ ಪುಲ್ಲಿಯ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತುಗಳು, ಆರಂಭದಲ್ಲಿ 2.7, ಕೊನೆಯಲ್ಲಿ 0.9. ಕನ್ವರ್ಟರಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) 10 ಹಲ್ಲು, ಆಕ್ಸಲ್ಲಿನದು 60 ಹಲ್ಲು ಎಂದಿಟ್ಟುಕೊಂಡರೆ ಆರಂಭದ ಒಟ್ಟು ಇಳಿಕೆ 2.7ರ ಆರರಷ್ಟು, ಅಂದರೆ 16.2. ಹಿಂದಿನ ಟೈರ್ 11 ಇಂಚು ವ್ಯಾಸದ್ದಾದರೆ ಒಂದು ಸುತ್ತಿಗೆ ಸುಮಾರು 0.88 ಮೀಟರ್. ಕನ್ವರ್ಟರ್ 1,800ಕ್ಕೆ ಹಿಡಿದರೆ ಬೆಲ್ಟ್ ಜಾರುವುದು ಗಾಡಿ ಗಂಟೆಗೆ 6 ಕಿ.ಮೀ. ತಲುಪುವವರೆಗೆ ಮಾತ್ರ, 2,400ಕ್ಕೆ ಹಿಡಿದರೆ ಸುಮಾರು 8 ಕಿ.ಮೀ., 3,000ಕ್ಕೆ ಹಿಡಿದರೆ ಸುಮಾರು 10 ಕಿ.ಮೀ. ವರೆಗೆ. ಅಷ್ಟು ಹೊತ್ತಿನ ಜಾರುವಿಕೆಯೆಲ್ಲ ಬೆಲ್ಟಿನಲ್ಲಿ ಶಾಖವಾಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲಿನಲ್ಲಿ ಹತ್ತು ಬಾರಿ ನಿಲ್ಲಿಸಿ ಹೊರಡಿಸಿದರೆ ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯತೊಡಗುತ್ತವೆ, ಆಮೇಲೆ ಅದು ಹಿಡಿಯುವುದೇ ಇಲ್ಲ. ನೋಟಕ್ಕೆ ಚೆಂದವೆಂದು 15 ಇಂಚಿನ ಟೈರ್ ಹಾಕಿದವರು 2,400ಕ್ಕೇ 10 ಕಿ.ಮೀ. ದಾಟಿಬಿಡುತ್ತಾರೆ, ಅವರು ಮೊದಲು ಬದಲಿಸಬೇಕಾದದ್ದು ಆಕ್ಸಲ್ ಸ್ಪ್ರಾಕೆಟ್ಟನ್ನು.

ಗರಿಷ್ಠ ವೇಗದ ಲೆಕ್ಕವೂ ಇದೇ ರೀತಿಯದು, 11 ಇಂಚಿನ ಟೈರಿಗೆ ಅನುಪಾತ ಮಾತ್ರ 0.9 ಎಂದು ಹಿಡಿಯಬೇಕು. 3,600 ಆರ್‌ಪಿಎಂನಲ್ಲಿ ಈ ಗಾಡಿ ಗಂಟೆಗೆ 35 ಕಿ.ಮೀ., 5,000ದಲ್ಲಿ 49 ಕಿ.ಮೀ. ಹೋಗಬಲ್ಲದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗವರ್ನರ್ ತೆಗೆದ ಎಂಜಿನ್ನಿನಲ್ಲಿ ಕಾರ್ಖಾನೆಯ ಎರಕದ ಫ್ಲೈವೀಲ್ ಮತ್ತು ಕನೆಕ್ಟಿಂಗ್ ರಾಡನ್ನೇ ಉಳಿಸಿಕೊಂಡು 5,000–6,000 ಆರ್‌ಪಿಎಂ ಓಡಿಸುವುದು ಪ್ರಾಣಕ್ಕೆ ಅಪಾಯ. ಫ್ಲೈವೀಲ್ ಸಿಡಿದರೆ ಅದರ ಚೂರುಗಳು ಚಾಲಕನ ಬೆನ್ನ ಹಿಂದೆಯೇ ಹಾರುತ್ತವೆ. ಗಟ್ಟಿ ಲೋಹದಿಂದ ಕಡೆದ ಬಿಲೆಟ್ ಫ್ಲೈವೀಲ್, ಬಿಲೆಟ್ ರಾಡ್ ಹಾಕದ ಎಂಜಿನ್ನಿಗೆ ನಾನು ಗಡುಸು ಸ್ಪ್ರಿಂಗ್ ಜೋಡಿಸಿಕೊಡುವುದಿಲ್ಲ, ಎಷ್ಟು ಕೇಳಿಕೊಂಡರೂ ಇಲ್ಲ. ಎಂಜಿನ್ 6,000 ತಿರುಗಿದರೆ ಹಿಂದಿನ ಪುಲ್ಲಿ 6,600 ದಾಟುತ್ತದೆ ಎಂಬುದನ್ನೂ ಮರೆಯಬಾರದು. ಕನ್ವರ್ಟರಿನ ಮೇಲೆ ಗಟ್ಟಿ ಮುಚ್ಚಳ ಇರಲೇಬೇಕು.

ಇನ್ನು ಅಳತೆ. 196 ಸಿಸಿ ಎಂಜಿನ್‌ಗಳ ಷಾಫ್ಟ್ ಸಾಮಾನ್ಯವಾಗಿ ಮುಕ್ಕಾಲು ಇಂಚು, 389 ಸಿಸಿಯಂಥ ದೊಡ್ಡವುಗಳದ್ದು ಒಂದು ಇಂಚು. 30 ಸರಣಿಯನ್ನು ಸುಮಾರು 8 ಅಶ್ವಶಕ್ತಿಯವರೆಗೆ ನಂಬಬಹುದು. ಅದನ್ನು ಚೆನ್ನಾಗಿ ಮೀರಿದ ಎಂಜಿನ್ನಿಗೆ ಅಗಲವಾದ ಬೆಲ್ಟಿನ 40 ಸರಣಿಯೇ ಬೇಕು. ಹಾಗೆಂದು ಸಣ್ಣ ಎಂಜಿನ್ನಿಗೆ ದೊಡ್ಡದನ್ನು ಹೊರಿಸಿದರೆ ಅದರ ತೂಕವನ್ನು ತಿರುಗಿಸುವುದರಲ್ಲೇ ಪಿಕಪ್ ಹೋಗುತ್ತದೆ. ಶಕ್ತಿಯ ಲೆಕ್ಕ ಹಾಕುವಾಗ ನಮ್ಮ ಊರಿನ ಎತ್ತರವನ್ನೂ ಕಳೆಯಿರಿ. ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿರುವ ದಾವಣಗೆರೆಯಲ್ಲಿ 7 ಶೇಕಡಾ, ಇನ್ನೂ ಎತ್ತರದ ಚಿತ್ರದುರ್ಗದಲ್ಲಿ ಅದಕ್ಕಿಂತ ಹೆಚ್ಚು. ಸಮತಟ್ಟಾದ ಟ್ರ್ಯಾಕಿನಲ್ಲಿ ಸದಾ ಎತ್ತರದ ಆರ್‌ಪಿಎಂನಲ್ಲೇ ಓಡುವ ಹಗುರ ಗಾಡಿಗಾದರೆ ಕನ್ವರ್ಟರೇ ಬೇಡ, ವೇಗ ಹೆಚ್ಚಿದಾಗ ತಾನೇ ಹಿಡಿಯುವ ಸಾದಾ ಸೆಂಟ್ರಿಫ್ಯೂಗಲ್ ಕ್ಲಚ್ ಮತ್ತು ಚೈನು ಸಾಕು.

ಆ ವಿದ್ಯಾರ್ಥಿಗಳ ಎಂಜಿನ್ನಿನಲ್ಲಿ ಬಿಲೆಟ್ ಭಾಗಗಳು ಆಗಲೇ ಇದ್ದವು. ಮುಂದೆ ಒಂದು ಮೆಟ್ಟಿಲು ಗಡುಸಾದ ಸ್ಪ್ರಿಂಗ್ ಹಾಕಿ, ಹಿಂದಿನ ಸ್ಪ್ರಿಂಗನ್ನು ಒಂದು ರಂಧ್ರ ಬಿಗಿ ಮಾಡಿದೆವು. ಬೆಲ್ಟ್ ತಿರುಗುಮುರುಗಾಗಿತ್ತು, ಒಂದು ಪಕ್ಕ ನೇರ, ಇನ್ನೊಂದು ಪಕ್ಕ ಓರೆಯಾಗಿರುವ ಆ ಬೆಲ್ಟಿನ ನೇರ ಪಕ್ಕ ಎಂಜಿನ್ ಕಡೆಗೆ ಬರುವಂತೆ ಕೂಡಿಸಿದೆವು. ಮುಂದಿನ ಪುಲ್ಲಿಯ ಒಳಗಿನ ಕಂಚಿನ ಬುಷ್ ಒಣಗಿ ಹಿಡಿದುಕೊಂಡಿದ್ದರಿಂದ ಅದನ್ನು ಒರೆಸಿ, ಧೂಳು ಅಂಟದ ಒಣ ಲೂಬ್ರಿಕೆಂಟ್ ಹಾಕಿದೆವು, ಏಕೆಂದರೆ ಗ್ರೀಸ್ ಹಚ್ಚಿದರೆ ಅದು ಬಿಸಿಗೆ ಕರಗಿ ಬೆಲ್ಟಿಗೆ ಸಿಡಿಯುತ್ತದೆ. ಸಂಜೆ ಖಾಲಿ ನಿವೇಶನದ ಏರಿನಲ್ಲಿ ಓಡಿಸಿದಾಗ ಗಾಡಿ ನಿಲ್ಲಲಿಲ್ಲ. ಮಾರ್ಕರಿನ ಗೆರೆ ಮಾತ್ರ ಅಂಚಿನಿಂದ ಅರ್ಧ ಬೆರಳು ಕೆಳಗಿನವರೆಗಷ್ಟೇ ಅಳಿಸಿತ್ತು, ಅಂದರೆ ಬೆಲ್ಟ್ ಪೂರ್ತಿ ಏರಿರಲಿಲ್ಲ. ಹಿಂದಿನ ಸ್ಪ್ರಿಂಗನ್ನು ಮರಳಿ ಮೊದಲಿನ ರಂಧ್ರಕ್ಕೆ ಹಾಕಿ ಇನ್ನೊಮ್ಮೆ ನೋಡಿ ಎಂದು ಹೇಳಿ ಕಳುಹಿಸಿದೆ.